ಬಲಗಾಲಿಟ್ಟು ಬಂದ ಕಾರು

ನಮ್ಮವರ ಗುಮಾನಿಗೆ ಸಿಗದ ವಸ್ತು ಈ ಭೂಮಿಯ ಮೇಲೆ ಇಲ್ಲ. ಹಾಲಿನ ಮೇಲೆ ಗುಮಾನಿ, ಹಾಲು ಹಾಕುವವನ ಮೇಲೆ ಗುಮಾನಿ, ಆ ಹಾಲು ಕೊಟ್ಟ ಎಮ್ಮೆಯ ಮೇಲೂ ಒಂದಿಷ್ಟು ಗುಮಾನಿ. ಗುಳಿಗೆ ನುಂಗುವ ಮುಂಚೆ ಬೆಳಕಿಗೆ ಹಿಡಿದು ನೋಡುತ್ತಾರೆ. ಬೀಗ ಹಾಕಿ ಜಗ್ಗುತ್ತಾರೆ, ಓಣಿಯ ತಿರುವಿನ ತನಕ ಹೋಗುತ್ತಾರೆ, ತಿರುಗಿ ಬಂದು ಮತ್ತೆ ಜಗ್ಗುತ್ತಾರೆ. ಕೀಲಿಗಳನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಿಸೆ ಹರಿಯಬಹುದು, ಯಾರಾದರೂ ಕೈ ಹಾಕಬಹುದು. ಸೊಂಟದ ಉಡದಾರಕ್ಕೆ ಗಂಟು ಹಾಕಿ, ಆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಾರೆ. ಜಳಕ ಮಾಡುವಾಗಲೂ ಕೀಲಿಗಳು ಸೊಂಟದಲ್ಲೇ ಇರುತ್ತವೆ.

ಹೆಸರು ದೊಡ್ಡಬಸಪ್ಪ. ಕುಕನೂರು ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ನಾನು ಅವರ ಹೆಂಡತಿ ವಿರೂಪಾಕ್ಷಮ್ಮ, ಬೇವೂರಿನ ಮಗಳು. ಯಲಬುರ್ಗಾದ ಶಾಲೆಯಲ್ಲಿ ಕನ್ನಡ ಕಲಿಸಿ, ಬಸ್ಸಿನ ಕಂಬಿ ಹಿಡಿದು ಹಿಡಿದು ಅಂಗೈ ಗಟ್ಟಿ ಮಾಡಿಕೊಂಡು, ಈಚೆಗೆ ನಿವೃತ್ತಳಾದವಳು.

ಇವರ ಗುಮಾನಿಯ ಮೊದಲ ರುಚಿ ನನಗೆ ಸಿಕ್ಕಿದ್ದು ಹೆಣ್ಣು ನೋಡಲು ಬಂದ ದಿನವೇ. ಅವಲಕ್ಕಿ ತಿಂದಾಯಿತು, ಚಹಾ ಕುಡಿದಾಯಿತು, ಹಾಡು ಹೇಳು ಎನ್ನುತ್ತಾರೇನೋ ಎಂದು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದರೆ, ಇವರು ಸೂಜಿ ದಾರ ತರಿಸಿ ಪೋಣಿಸಲು ಹೇಳಿದರು. ಹುಡುಗಿಯ ಕಣ್ಣು ಸರಿ ಇದೆಯೋ ಇಲ್ಲವೋ ನೋಡಬೇಕಿತ್ತಂತೆ. ಪೋಣಿಸಿದೆ. "ಈ ಸೂಜಿ ಕಣ್ಣು ದೊಡ್ಡದೈತಿ, ಸಣ್ಣದು ತರ್ರಿ" ಎಂದರು. ನಮ್ಮಪ್ಪ ಸಿಟ್ಟಿನಿಂದ ಎದ್ದೇ ಬಿಟ್ಟಿದ್ದ. ನಾನು ಸಣ್ಣ ಸೂಜಿಯನ್ನೂ ಪೋಣಿಸಿ, ದಾರ ಎಳೆದು ತೆಗೆದು ಅವರ ಕೈಗೇ ಕೊಟ್ಟೆ. "ಈಗ ನೀವು ಪೋಣಿಸಿ ತೋರಸ್ರಿ" ಎಂದೆ. ಅವರಿಂದ ಆಗಲಿಲ್ಲ. ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಆ ನಡುಗುವ ಕೈ ನೋಡಿಯೇ ನಾನು ಒಪ್ಪಿಕೊಂಡೆ. ಇಷ್ಟು ಗುಮಾನಿ ಪಡುವ ಮನುಷ್ಯನ ಒಳಗೆ ಎಷ್ಟು ಅಂಜಿಕೆ ಇರಬೇಕು ಅನ್ನಿಸಿತ್ತು.

ಇಂಥವರು ಜಗತ್ತಿನಲ್ಲಿ ಒಬ್ಬನನ್ನು ಮಾತ್ರ ನಂಬಿದ್ದರು. ಅದು ನಾನಲ್ಲ, ಆ ಭ್ರಮೆ ನನಗಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿರುವ ಪಕೀರಪ್ಪ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು. ನಮ್ಮ ಮದುವೆಯಾದ ಹೊಸತರಲ್ಲಿ ಇವರ ಸ್ಕೂಟರಿನ ಗಾಲಿ ಕೂತಿತು. ಇವರು ಹಲ್ಲು ಕಚ್ಚಿಕೊಂಡು ಪಕೀರಪ್ಪನ ಅಂಗಡಿಗೆ ತಳ್ಳಿಕೊಂಡು ಹೋದರು. ಪಂಕ್ಚರ್ ಅಂಗಡಿಯವನು ಒಂದಿದ್ದಲ್ಲಿ ಎರಡು ತೂತು ತೋರಿಸಿಯೇ ತೋರಿಸುತ್ತಾನೆ ಎಂದು ಮೊದಲೇ ಲೆಕ್ಕ ಹಾಕಿದ್ದರು. ಪಕೀರಪ್ಪ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ತಿರುವಿ ನೋಡಿ, "ಪಂಕ್ಚರ್ ಇಲ್ಲಲೇ ದೊಡ್ಯಾ. ವಾಲ್ ಸಡಲಾಗಿತ್ತು, ಬಿಗಿ ಮಾಡೀನಿ. ಹೋಗು" ಎಂದು ಬೆನ್ನಿಗೊಂದು ಏಟು ಹಾಕಿ ಕಳಿಸಿದ. ಏನೂ ಆಗಿಲ್ಲ ಎಂದು ಹೇಳುವ ಅಂಗಡಿಯವನನ್ನು ನಮ್ಮವರು ಅದೇ ಮೊದಲು ನೋಡಿದ್ದು. ಅವತ್ತು ಮನೆಗೆ ಬಂದು ಊಟಕ್ಕೆ ಕೂತವರು ಅನ್ನ ಕಲಸುತ್ತ ಕಲಸುತ್ತ ನಾಲ್ಕು ಸಲ ಅದನ್ನೇ ಹೇಳಿದರು.

ಅಂದಿನಿಂದ ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಪಕೀರಪ್ಪನ ಬೆಂಚಿನ ಮೇಲೆ ಕೂತು ಒಂದು ಚಹಾ. ಬೇರೆ ಕಡೆ ಚಹಾದ ಬಟ್ಟಲನ್ನು ಮೂಸಿ ನೋಡುವ ಮನುಷ್ಯ ಅಲ್ಲಿ ಮೂಸುತ್ತಿರಲಿಲ್ಲ. ಪೇಟೆಯಲ್ಲೆಲ್ಲ ಇವರು "ಸಾವ್ಕಾರ್ರು". ಪಕೀರಪ್ಪನಿಗೆ ಮಾತ್ರ "ಲೇ ದೊಡ್ಯಾ".

ಕಾರು ಬಂದದ್ದು ನನ್ನ ದೆಸೆಯಿಂದ. ಇನ್ನು ಬಸ್ಸು ಹತ್ತುವುದಿಲ್ಲ, ಮಂಡಿ ಕೇಳುವುದಿಲ್ಲ ಎಂದು ಹಟ ಹಿಡಿದೆ. ನನ್ನ ಜೊತೆ ಕೆಲಸ ಮಾಡಿದ ಹೈದರಸಾಬ ಮೇಷ್ಟ್ರು ಗಂಗಾವತಿಯವರು. ಅವರು ತಮ್ಮ ಕಾರು ಮಾರುವವರಿದ್ದರು. ನಮ್ಮವರು ಅದರ ಹೊಟ್ಟೆಯ ಕೆಳಗೆ ಮಲಗಿ ನೋಡಿದರು, ಬಾಗಿಲು ಬಡಿದು ಸಪ್ಪಳ ಕೇಳಿದರು, ಸೀಟು ಮೂಸಿದರು. ಇನ್ನೇನು ಬೇಡ ಎಂದು ಹೇಳುವವರೇ. ಅಷ್ಟರಲ್ಲಿ ಮೇಷ್ಟ್ರು ಸ್ಟೇರಿಂಗಿನ ಮುಂದಿನ ಪರದೆಯಲ್ಲಿ ಒಂದು ಚಿತ್ರ ತೋರಿಸಿದರು. ಮೇಲಿನಿಂದ ನೋಡಿದ ಹಾಗೆ ಕಾರಿನ ಚಿತ್ರ, ನಾಲ್ಕು ಮೂಲೆಗೆ ನಾಲ್ಕು ಅಂಕಿ.

"ಒಂದೊಂದು ಗಾಲಿ ಒಳಗ ಒಂದೊಂದು ಸಣ್ಣ ಡಬ್ಬಿ ಕುಂತೈತ್ರಿ ಸಾವ್ಕಾರ್ರ. ಒಳಗ ಗಾಳಿ ಎಷ್ಟೈತಿ ಅಂತ ಅದು ಈ ಪರದೆಗೆ ಸುದ್ದಿ ಕಳಸ್ತೈತಿ. ಯಾವ ಗಾಲ್ಯಾಗ ಕಡಿಮಿ ಆತೋ ಅಲ್ಲಿ ಅಂಕಿ ಕೆಂಪಾಗಿ, ದೀಪ ಹತ್ತೈತಿ" ಎಂದರು ಮೇಷ್ಟ್ರು.

ನಮ್ಮವರ ಕಣ್ಣು ಅರಳಿತು. ಹಗಲೂ ರಾತ್ರಿ ಗಾಲಿಯ ಮೇಲೆ ಗುಮಾನಿ ಪಡುವ ಯಂತ್ರ! ತಮ್ಮ ಒಡಹುಟ್ಟಿದವನು ಸಿಕ್ಕಂತಾಯಿತು ಅವರಿಗೆ. ಮಾತು ಮುಗಿಯಿತು, ಕಾರು ನಮ್ಮದಾಯಿತು.

ಮನೆಗೆ ತುಂಬಿಸಿಕೊಳ್ಳುವ ದಿನ ಇನ್ನೊಂದು ತಕರಾರು ತೆಗೆದರು. ನಾಲ್ಕು ಗಾಲಿಗಳ ಪೈಕಿ ಒಂದಕ್ಕೆ ಮಾತ್ರ ಹೊಸ ಟೈರು ಇತ್ತು, ಅದು ಹಿಂದೆ ಎಡಗಡೆ. ಕಾರನ್ನು ಪಕೀರಪ್ಪನ ಅಂಗಡಿಯ ಮುಂದೆ ನಿಲ್ಲಿಸಿ, "ಆ ಹೊಸಾದು ತಗದು ಮುಂದ ಬಲಕ್ಕ ಹಾಕು, ಮುಂದಿಂದು ಹಿಂದ ಹಾಕು" ಎಂದರು.

"ಯಾಕಲೇ? ಎಲ್ಲಾ ಛಲೋ ಅದಾವಲ್ಲ?"

"ಮನೀಗೆ ಬಲಗಾಲಿಟ್ಟು ಬರಬೇಕಲ್ಲೋ. ಸವದ ಗಾಲಿ ಮುಂದ ಮಾಡಿ ಬಂದ್ರ ಲಕ್ಷ್ಮಿ ಹಿಂದ ಬರ್ತಾಳೇನು?"

"ಲೇ ದೊಡ್ಯಾ, ಇದೇನು ಕಾರೋ ನಿನ್ನ ಸೊಸೀನೋ?" ಎಂದು ಪಕೀರಪ್ಪ ಬಿದ್ದು ಬಿದ್ದು ನಕ್ಕ. ನಗುತ್ತಲೇ ಜಾಕು ಹಾಕಿ ಎರಡು ಗಾಲಿ ಬಿಚ್ಚಿ, ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ಕೊಟ್ಟ. ನಾನು ಆರತಿ ಮಾಡಿದೆ. ಹೊಸ ಬಲಗಾಲಿ ನಿಂಬೆಹಣ್ಣು ಚಿಟ್ಟೆನ್ನಿಸಿ ನಮ್ಮ ಅಂಗಳಕ್ಕೆ ಬಂತು. ನಮ್ಮವರ ಮುಖ ನೋಡಬೇಕಿತ್ತು ಅವತ್ತು, ಸೊಸೆಯೇ ಬಂದಿದ್ದರೂ ಅಷ್ಟು ಬೆಳಗುತ್ತಿರಲಿಲ್ಲ.

ಕೆಲವು ದಿನ ಸುಖವಾಗಿದ್ದೆವು. ಒಂದು ಮುಂಜಾನೆ ಬೇವೂರಿಗೆಂದು ಹೊರಟೆವು. ಊರು ದಾಟುವುದರೊಳಗೆ ಪರದೆಯಲ್ಲಿ ಟಿಂಗ್ ಎಂದಿತು. ಅರಿಶಿನ ಬಣ್ಣದ ಒಂದು ಗುರುತು ಹತ್ತಿಕೊಂಡಿತು. ನಾನು ಬಗ್ಗಿ ನೋಡಿದೆ. ಉದ್ದಕ್ಕೆ ಸೀಳಿದ ನೀರಿನ ಚರಿಗೆಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ.

"ನೀರು ಕೇಳಾಕತ್ತೈತೇನ್ರಿ ಇದು? ಚರಿಗಿ ತೋರಸ್ತೈತಿ" ಎಂದೆ.

"ಚರಿಗಿ ಅಲ್ಲ ಅದು, ಗಾಲಿ. ಹಿಂದಿನ ಎಡಗಾಲಿ ಅಂಕಿ ಕೆಂಪಾಗೇತಿ ನೋಡು. ಗಾಳಿ ಕಡಿಮಿ ಆಗೇತಿ." ಆದರೂ ನಮ್ಮ ಮನೆಯಲ್ಲಿ ಆ ದೀಪಕ್ಕೆ ಚರಿಗೆ ಎಂಬ ಹೆಸರೇ ನಿಂತಿತು.

ಕಾರು ತಿರುಗಿಸಿ ಪಕೀರಪ್ಪನ ಅಂಗಡಿಗೆ ಬಂದೆವು. ಅವನು ಹಿಂದಿನ ಎಡಗಾಲಿಗೆ ಗಾಳಿ ಅಳೆಯುವ ಗೇಜು ಹಚ್ಚಿ ನೋಡಿ, "ಇದು ಗಟ್ಟಿ ಐತೆಲ್ಲೋ" ಎಂದ. ಉಳಿದ ಗಾಲಿಗಳಿಗೂ ಹಚ್ಚಿ ನೋಡಿದ. "ಮುಂದಿನ ಬಲಗಡೇದು ಸ್ವಲ್ಪ ಕಡಿಮಿ ಇತ್ತು, ತುಂಬೀನಿ. ಹೋಗು." ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಚರಿಗೆ ತಾನೇ ಆರಿತು. ನಾನು ಕಿಟಕಿಯಿಂದ ಹೊರಗೆ ಕಡಲೆಯ ಹೊಲ ನೋಡುತ್ತ ಕೂತೆ. ಇವರು ಆರಿದ ದೀಪದ ಜಾಗವನ್ನೇ ನೋಡುತ್ತ ಕಾರು ನಡೆಸಿದರು. ತುಟಿ ಬಿಚ್ಚದೆ ಇವರು ಯೋಚನೆ ಮಾಡುತ್ತಿದ್ದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

"ಆಂವ ಹಿಂದಿನ ಗಾಲಿ ಮುಟ್ಟಲಿಲ್ಲ. ದೀಪ ಹೆಂಗ ಆರಿತು?" ಎಂದರು ಕೊನೆಗೆ.

"ಆರಿತಲ್ಲ, ಬಿಡ್ರಿ."

"ಹೆಂಗ ಆರಿತು ಅಂತ ಕೇಳಾಕತ್ತೀನಿ ನಾ."

ವಾರ ಕಳೆಯುವುದರೊಳಗೆ ಚರಿಗೆ ಮತ್ತೆ ಹತ್ತಿತು. ಅದೇ ಹಿಂದಿನ ಎಡಗಾಲಿ, ಅದೇ ಕೆಂಪು. ಮತ್ತೆ ಪಕೀರಪ್ಪ ಹಿಂದಿನದು ಸರಿ ಇದೆ ಎಂದ, ಮುಂದಿನದಕ್ಕೆ ಗಾಳಿ ಹಾಕಿದ, ಮತ್ತೆ ದೀಪ ಆರಿತು. ಅವತ್ತಿನಿಂದ ಇವರಿಗೆ ಊಟ ಸೇರಲಿಲ್ಲ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂರುವರು. ಇಷ್ಟು ವರ್ಷ ಊರಿನ ಎಲ್ಲರ ಮೇಲೆ ಹಂಚಿ ಹೋಗುತ್ತಿದ್ದ ಗುಮಾನಿಯೆಲ್ಲ ಒಟ್ಟಾಗಿ ಒಬ್ಬನ ಕಡೆ ತಿರುಗುತ್ತಿರುವುದು ನನಗೆ ಕಾಣುತ್ತಿತ್ತು. ಹೆದರಿಕೆಯಾಯಿತು. ಆ ಒಬ್ಬನೂ ಹೋದರೆ ಇವರಿಗೆ ಇನ್ನು ಯಾರಿದ್ದಾರೆ?

"ಅವನ ಮ್ಯಾಲ ಮಾತ್ರ ಬ್ಯಾಡ್ರಿ. ನಿಮಗ ಕೈ ಮುಗೀತೀನಿ" ಎಂದೆ.

"ನಾನೇನು ಅಂದೆ?" ಎಂದರು. ಏನೂ ಅಂದಿರಲಿಲ್ಲ, ನಿಜ. ಅಂದದ್ದು ಮುಂದಿನ ಸಲ.

ಯಲಬುರ್ಗಾದ ಕಚೇರಿಯಲ್ಲಿ ನನ್ನ ಪಿಂಚಣಿಯ ಕೆಲಸವಿತ್ತು. ಚರಿಗೆ ಹತ್ತಿಯೇ ಇತ್ತು. ಪಕೀರಪ್ಪನ ಅಂಗಡಿಯ ಮುಂದೆ ಒಂದು ಟಂಟಂ ಆಟೋ ನಿಂತಿತ್ತು, ಬಸ್ಸಿಗೆ ಕಾಯುವ ನಾಲ್ಕು ಜನ ನೆರಳಿಗೆ ನಿಂತಿದ್ದರು. ಪಕೀರಪ್ಪ ಗೇಜು ಹಿಡಿದು ಬಂದ.

"ಮತ್ತ ಬಂತೇನಲೇ ನಿನ್ನ ಸೊಸಿ? ಈ ಸಲ ಮುಂದಿನ ಗಾಲಿ ಬಿಚ್ಚಿ ನೀರಾಗ ಹಾಕಿ ನೋಡೇಬಿಡ್ತೀನಿ ತಡಿ."

"ಮುಂದಿಂದು ಮುಟ್ಟಬ್ಯಾಡ!" ಇವರ ದನಿಗೆ ನೆರಳಿನಲ್ಲಿದ್ದವರು ತಿರುಗಿ ನೋಡಿದರು. "ಪರದೆ ಹಿಂದಿಂದು ಅಂತೈತಿ, ನೀ ಮುಂದಿಂದು ಅಂತಿ. ಇಬ್ಬರಾಗ ಒಬ್ಬರದು ಸುಳ್ಳು."

"ಹಂಗಾರ ನಿನ್ನ ಪರದೆ ಸುಳ್ಳು."

"ಪರದೆಗೆ ಸುಳ್ಳ ಹೇಳಿ ಆಗಬೇಕಾದ್ದು ಏನೈತಿ?"

ಪಕೀರಪ್ಪನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಚ್ಯಾಷ್ಟಿ ಮಾಡಾಕತ್ತಿಯೇನಲೇ?" ಎಂದು ನಗಲು ನೋಡಿದ.

"ನಿನ್ನ ಅಂಗಡಿಗೆ ಬಂದ್ರ ದೀಪ ಆರ್ತೈತಿ, ವಾರ ಆಗೂದ್ರಾಗ ಮತ್ತ ಹತ್ತೈತಿ. ಮತ್ತ ನಿನ್ನ ಕಡೇನ ಬರಬೇಕು. ಇದು ಹೆಂಗ ನಡೀತೈತಿ ಅಂತ ನನಗ ತಿಳಿಯಂಗಿಲ್ಲ ಅಂತ ಮಾಡೀಯೇನು? ಏನು ಮಾಡಿಟ್ಟಿ ಅದರಾಗ ಪಕೀರ್ಯಾ?"

ನಾನು ಕಾರಿನೊಳಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಪಕೀರಪ್ಪ ನಗು ನಿಲ್ಲಿಸಿದ. ಒಮ್ಮೆ ಕಾರು ನೋಡಿದ, ಒಮ್ಮೆ ಇವರನ್ನು ನೋಡಿದ. ಕೈಯಲ್ಲಿದ್ದ ಗೇಜನ್ನು ತನ್ನ ಅಂಗಿಗೆ ಒರೆಸಿ ಇವರ ಮುಂದೆ ಹಿಡಿದ.

"ನೀವ ನೋಡ್ಕೋರಿ ಸಾವ್ಕಾರ್ರ" ಎಂದ.

ಅಯ್ಯೋ, ಆ "ರಿ"! ನಮ್ಮ ಸೀಮೆಯಲ್ಲಿ ರಿ ಎಂದರೆ ಮರ್ಯಾದೆ. ಕಂಡಕ್ಟರನಿಗೂ ರಿ, ಮನೆ ಬಾಗಿಲಿಗೆ ಬಂದ ಅಪರಿಚಿತನಿಗೂ ರಿ. ಎಳೆಯ ಮಕ್ಕಳಿಗೂ ಮುದ್ದಿಗೆ ಬರ್ರಿ ಹೋಗ್ರಿ ಎನ್ನುತ್ತೇವೆ. ಆದರೆ ಇವರಿಬ್ಬರ ನಡುವೆ ಶಾಲೆಯ ದಿನಗಳಿಂದ ಅದು ಸುಳಿದಿರಲಿಲ್ಲ. ಪಕೀರಪ್ಪ ಬೈದಿದ್ದರೆ, ಗೇಜು ಎತ್ತಿ ಒಗೆದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವನು ಮರ್ಯಾದೆ ಕೊಟ್ಟ, ಕೊಟ್ಟು ದೂರ ನಿಂತ. ನಮ್ಮವರು ಗೇಜು ತೆಗೆದುಕೊಳ್ಳದೆ ಕಾರು ಹತ್ತಿದರು. ಯಲಬುರ್ಗಾದ ತನಕ ಚರಿಗೆ ನಮ್ಮಿಬ್ಬರ ಮುಂದೆ ಹತ್ತಿಕೊಂಡೇ ಇತ್ತು.

ಬರುವಾಗ ರಸ್ತೆಯ ಮೇಲಿನ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅಲ್ಲಿನವನು ಹಿಂದು ಮುಂದು ಕೇಳದೆ ನಾಲ್ಕೂ ಗಾಲಿಗೆ ಗಾಳಿ ಹೊಡೆದ. ದೀಪ ಆರಿತು. "ನೋಡಿದಿ?" ಎಂದು ನನ್ನ ಕಡೆ ತಿರುಗಿದರು. "ಅವನ ಕೈ ಇಲ್ಲದ ಆರಿತು. ಇನ್ನ ಹತ್ತಂಗಿಲ್ಲ ನೋಡು." ಹಾಗೆಂದು ಗೆದ್ದವರ ಹಾಗೆ ಮಾತಾಡಿದರೇ ಹೊರತು ಆ ಸಂಜೆ ಅಂಗಡಿ ಮುಚ್ಚಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಅವರಿಗೆ ತಿಳಿಯಲಿಲ್ಲ. ನೆಟ್ಟಗೆ ಮನೆಗೆ ಬಂದರು. ಚಹಾ ಕೊಟ್ಟೆ. ಮೂಸಿ ನೋಡಿ ಕುಡಿದರು.

ವಾರದೊಳಗೆ ಚರಿಗೆ ಹತ್ತಿತು. ಪಕೀರಪ್ಪನ ಕೈ ತಾಗಿರಲಿಲ್ಲ, ಆದರೂ ಹತ್ತಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಮ್ಮ ತಪ್ಪನ್ನು ಅರಿತುಕೊಳ್ಳುತ್ತಿದ್ದರು. ನಮ್ಮವರು ಏನು ತೀರ್ಮಾನ ಮಾಡಿದರು ಗೊತ್ತೇ? ಪಕೀರಪ್ಪನೇ ಕತ್ತಲಲ್ಲಿ ಬಂದು ಗಾಳಿ ಬಿಡುತ್ತಿದ್ದಾನೆ ಎಂದು! ಅದನ್ನು ಹಿಡಿಯಲು ಒಂದು ಉಪಾಯವನ್ನೂ ಮಾಡಿದರು. ದೇವರ ಜಗುಲಿಯಿಂದ ವಿಭೂತಿ ತಂದು, ನೀರಲ್ಲಿ ಕಲಸಿ, ಹಿಂದಿನ ಎಡಗಾಲಿಯ ವಾಲಿನ ಮುಚ್ಚಳಕ್ಕೆ ಬಳಿದರು. ಯಾರು ಮುಟ್ಟಿದರೂ ವಿಭೂತಿ ಅಳಿಸಬೇಕು. ಮುಂಜಾನೆ ಹೋಗಿ ನೋಡಿದರೆ ವಿಭೂತಿ ಹಚ್ಚಿದ ಹಾಗೇ ಇದೆ, ಕಾರು ಚಾಲೂ ಮಾಡಿದರೆ ಪರದೆಯ ಅಂಕಿ ಇನ್ನಷ್ಟು ಇಳಿದಿದೆ.

"ಎಷ್ಟು ನಾಜೂಕು ಮಾಡ್ಯಾನ ನೋಡು! ವಿಭೂತಿಗೆ ಧಕ್ಕಿ ಆಗಿಲ್ಲ" ಎಂದರು.

ನಾನು ತಲೆ ಚಚ್ಚಿಕೊಂಡೆ. ಗಾಲಿಗೂ ವಿಭೂತಿ ಹಚ್ಚಿದ ಮನೆ ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇದ್ದೀತು.

ಅದೇ ವಾರ ಸಂತೆಯಲ್ಲಿ ಪಕೀರಪ್ಪನ ಹೆಂಡತಿ ಹಂಪವ್ವ ಸಿಕ್ಕಳು. ಮಾತಾಡಿಸದೆ ಹೋಗುತ್ತಾಳೆ ಎಂದುಕೊಂಡೆ. ಅವಳೇ ಬಂದು ಕೈ ಹಿಡಿದಳು.

"ಅಕ್ಕಾರ, ಸಾವ್ಕಾರ್ರು ಅಂದಿದ್ದಕ್ಕ ನಮಗೇನೂ ಸಿಟ್ಟಿಲ್ರಿ. ಆದ್ರ ನಮ್ಮನಿಯವ್ರು ಸರಿಯಿಲ್ಲ ನೋಡ್ರಿ. ತಮ್ಮ ಕೈ ಮ್ಯಾಲ ತಮಗ ಗುಮಾನಿ ಹಿಡದೈತಿ. ಯಾವ ಗಾಡಿ ಬಂದ್ರೂ ಒಂದ ಗಾಲಿಗೆ ನಾಕ ಸಲ ಗೇಜ್ ಹಚ್ಚಿ ನೋಡ್ತಾರ. ದೊಡ್ಯಾ ಸುಳ್ಳ ಹೇಳಂಗಿಲ್ಲ, ಹಂಗಾರ ನನ್ನ ಗೇಜ ಕೆಟ್ಟೈತಿ ಅಂತ ಹೊಸಾದು ತರಾಕ ಕೊಪ್ಪಳಕ್ಕ ಹೋಗ್ಯಾರ."

ಇವರು ಅವನನ್ನು ಕಳ್ಳ ಎಂದರು. ಅವನು ಇವರ ಮಾತು ಸುಳ್ಳಿರಲಾರದು ಎಂದು ನಂಬಿ ತನ್ನ ಕೈಯನ್ನೇ ತಪ್ಪು ಎಂದುಕೊಂಡ. ಬದನೆಕಾಯಿ ಚೀಲ ಹಿಡಿದು ಮನೆಗೆ ಬಂದವಳು ಚೀಲವನ್ನು ನೆಲಕ್ಕೆ ಕುಕ್ಕಿದೆ. ಹಂಪವ್ವ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇವರು ಕಾರಿನ ಕೀಲಿಯ ಗಂಟನ್ನು ಬೆರಳಿನಿಂದ ತಡವುತ್ತ ಕೂತರು.

"ಇನ್ನ ಯಾರು ಉಳದಾರ ಊರಾಗ? ಹೇಳ್ರಿ! ಹಾಲಿನಂವ ಆದ, ಪ್ಯಾಟಿಯವರಾದ್ರು, ಪಕೀರಪ್ಪ ಆದ. ನನ್ನ ಕಣ್ಣಿಗೂ ಸೂಜಿ ಕೊಟ್ಟು ನೋಡಿದ್ರಿ. ಆ ಪರದೆಗೆ ಯಾವ ಸೂಜಿ ಕೊಟ್ಟು ನೋಡಿದ್ರಿ? ಅದನ್ನ್ಯಾಕ ಕಣ್ಣ ಮುಚ್ಚಿ ನಂಬಿದ್ರಿ?"

ಇವರು ತಲೆ ಎತ್ತಿ ನನ್ನನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಅದೇ ಹಳೆಯ ಗುಮಾನಿ ಎದ್ದು ಬಂತು. ಈ ಸಲ ಅದು ಪರದೆಯ ಮೇಲೆ. ನನ್ನ ಜೀವಮಾನದಲ್ಲಿ ಆ ಮುಖ ನೋಡಿ ಸಂತೋಷಪಟ್ಟದ್ದು ಅದೊಂದೇ ಸಲ.

ಅಂಗಡಿಯಿಂದ ಚೀಲ ಹೊಲಿಯುವ ದಬ್ಬಣ ತಂದರು. ನನ್ನನ್ನು ಕಾರಿನಲ್ಲಿ ಪರದೆಯ ಮುಂದೆ ಕೂರಿಸಿ, ತಾವು ಹಿಂದಿನ ಎಡಗಾಲಿಯ ಹತ್ತಿರ ಕುಕ್ಕುರಗಾಲಿನಲ್ಲಿ ಕೂತರು. ವಿಭೂತಿಯ ಮುಚ್ಚಳ ತೆಗೆದು ದಬ್ಬಣದಿಂದ ವಾಲಿನ ಕಡ್ಡಿ ಒತ್ತಿದರು. ಸುಸ್ಸೆಂದು ಗಾಳಿ ಹೊರಗೆ ಬಂತು.

"ಇದರ ಗಾಳಿ ನಾನ ಬಿಡಾಕತ್ತೀನಿ. ಪರದೆ ಖರೇ ಹೇಳೂದಿದ್ರ ಹಿಂದಿನ ಎಡಗಾಲಿ ಅಂಕಿ ಇನ್ನೂ ಇಳೀಬೇಕು. ಇಳೀತೇನು?"

"ಇಲ್ರಿ. ಹಂಗ ಐತಿ."

"ಕಣ್ಣ ಬಿಟ್ಟು ನೋಡು."

"ಹೊರಗಿದ್ದು ಬೈಬ್ಯಾಡ್ರಿ, ಒಳಗ ಬಂದು ನೀವ ನೋಡ್ರಿ!"

ಬಂದು ಕೂತರು. ಗಾಲಿ ತಿರುಗಿದರೆ ಅಂಕಿ ಬದಲಾದೀತು ಎಂದು ಕಾರನ್ನು ಮೆಲ್ಲಗೆ ಓಣಿಯ ಕೊನೆಗೆ ಒಯ್ದರು. ಇಬ್ಬರೂ ಉಸಿರು ಹಿಡಿದು ಪರದೆಯನ್ನೇ ನೋಡುತ್ತಿದ್ದೆವು. ಹಿಂದಿನ ಎಡಗಾಲಿಯ ಅಂಕಿ ಜಪ್ಪಯ್ಯ ಎನ್ನಲಿಲ್ಲ, ಮೊದಲು ಎಷ್ಟಿತ್ತೋ ಅಷ್ಟೇ. ಇಷ್ಟು ದಿನ ಒಮ್ಮೆಯೂ ತಕರಾರು ಮಾಡದ ಮುಂದಿನ ಬಲಗಾಲಿಯ ಅಂಕಿ ದಡಕ್ಕನೆ ಇಳಿದು ಕೆಂಪಾಯಿತು.

"ನಾ ಬಿಟ್ಟದ್ದು ಹಿಂದಿನ ಎಡಗಾಲಿ ಗಾಳಿ. ಪರದೆ ಮುಂದಿನ ಬಲಗಾಲಿದು ಇಳೀತು ಅಂತೈತಿ!" ಇವರ ದನಿ ಇಳಿಯಿತು. "ಒಳಗಿಂದೊಳಗ ಪೈಪು ಗೀಪು ಜೋಡಿಸ್ಯಾನೇನು ಆಂವ..."

"ಬಾಯಿ ಮುಚ್ರಿ!" ಎಂದುಬಿಟ್ಟೆ. ಇಷ್ಟು ವರ್ಷಗಳಲ್ಲಿ ಅವರಿಗೆ ಆ ಮಾತು ಅಂದವಳಲ್ಲ. ತರಗತಿಯಲ್ಲಿ ದಡ್ಡ ಹುಡುಗರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೇಳಿದೆ. "ಈ ಕಾರು ಬಂದಾಗ ಹೊಸಾ ಟೈರು ಎಲ್ಲಿತ್ತು?"

"ಹಿಂದ, ಎಡಕ್ಕ."

"ಮುಂದ ಬಲಕ್ಕ ಹಾಕಸಿದ್ದು ಯಾರು?"

"...ನಾನ."

"ಗಾಳಿ ಸುದ್ದಿ ಹೇಳೂ ಡಬ್ಬಿ ಎಲ್ಲಿ ಕುಂತೈತಿ ಅಂದಿದ್ರು ಹೈದರಸಾಬ ಮೇಷ್ಟ್ರು?"

"ಗಾಲಿ ಒಳಗ." ಹೇಳುತ್ತ ಹೇಳುತ್ತ ಅವರ ಕೈ ಸ್ಟೇರಿಂಗಿನ ಮೇಲಿಂದ ಜಾರಿತು.

ಬೇರೆ ಏನೂ ಇರಲಿಲ್ಲ. ಗಾಲಿಯ ಜೊತೆ ಡಬ್ಬಿಯೂ ಮುಂದಕ್ಕೆ ಬಂದಿತ್ತು. ಗಾಲಿ ಜಾಗ ಬದಲಿಸಿದ್ದನ್ನು ಪರದೆಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೂ ಗೊತ್ತಿರಲಿಲ್ಲ, ಪಕೀರಪ್ಪನಿಗೂ ಗೊತ್ತಿರಲಿಲ್ಲ. ಅದು ಮುಂದಿನ ಬಲಗಾಲಿಯ ನೋವನ್ನು ಹಿಂದಿನ ಎಡಗಾಲಿಯ ಹೆಸರಿನಲ್ಲಿ ಕೂಗುತ್ತಲೇ ಇತ್ತು. ಗಾಳಿ ಕಡಿಮೆಯಾದದ್ದು ನಿಜ, ಜಾಗ ಸುಳ್ಳು. ಪಕೀರಪ್ಪ ಮೊದಲ ದಿನವೇ ಗೇಜು ಹಚ್ಚಿ ಹೇಳಿದ್ದ, ಮುಂದಿನ ಬಲಗಡೆಯದು ಕಡಿಮೆ ಇತ್ತು ಎಂದು.

ನಮ್ಮವರು ಕಾರು ಬಂದ್ ಮಾಡಿ, "ಅವನ ಗೇಜ್ ಸರಿ ಇತ್ತು" ಎಂದರು. ಕಣ್ಣಲ್ಲಿ ನೀರು ತುಂಬಿತ್ತು. ನನಗೂ ಅಳು ಬಂತು, ಸಿಟ್ಟೂ ಬಂತು. ಲಕ್ಷ್ಮಿ ಬಲಗಾಲಿಟ್ಟು ಬರಲಿ ಎಂದು ಮಾಡಿದ್ದು ಗೆಳೆಯನನ್ನು ಹೊರಗೆ ಹಾಕಿತ್ತು.

ದಬ್ಬಣ ಒತ್ತಿದ ಗಾಲಿಗೆ ಕಾಲಲ್ಲಿ ಒತ್ತುವ ಪಂಪಿನಿಂದ ಗಾಳಿ ಹಾಕಿಕೊಂಡು ನೆಟ್ಟಗೆ ಪಕೀರಪ್ಪನ ಅಂಗಡಿಗೆ ಹೋದೆವು. ಅವನು ಎದ್ದು ಬಂದು ಕಾರಿನಿಂದ ಒಂದು ಮಾರು ದೂರ ನಿಂತ.

"ಏನಾಗೇತ್ರಿ ಸಾವ್ಕಾರ್ರ?"

"ಮುಂದಿನ ಬಲಗಾಲಿ ಬಿಚ್ಚು."

"ಪರದೆ ಯಾವುದಂತೈತ್ರಿ?"

"ಪರದೆ ಹಾಳಾಗಿ ಹೋಗ್ಲಿ. ನೀ ಅಂದಿದ್ದು ಬಿಚ್ಚು."

ಬಿಚ್ಚಿ ನೀರಿನ ತೊಟ್ಟಿಗೆ ಹಾಕಿದ. ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಟೈರಿನ ಗೆರೆಯೊಳಗೆ ಒಂದು ಕುಳ್ಳ ಮೊಳೆ ಸೇರಿಕೊಂಡಿತ್ತು. ಕಿತ್ತು ಅಂಗೈ ಮೇಲಿಟ್ಟು ತೋರಿಸಿದ. ನಮ್ಮವರು ತೊದಲುತ್ತ ಎಲ್ಲ ಹೇಳಿದರು, ಡಬ್ಬಿ, ಗಾಲಿ, ಅದಲು ಬದಲು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಹೆಣ್ಣು ನೋಡಲು ಬಂದ ದಿನ ಸೂಜಿಯ ಮುಂದೆ ನಡುಗಿದ ಹಾಗೆಯೇ ಕೈ ನಡುಗುತ್ತಿತ್ತು.

ಪಕೀರಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ. "ಹಂಗಾರ ನನ್ನ ಹಳೇ ಗೇಜ್ ಸರಿ ಇತ್ತೇನ್ರಿ?"

"ಸರಿ ಇತ್ತು."

"ಹ್ಞೂಂ" ಎಂದ. ಮೊಳೆಯ ತೂತು ಮುಚ್ಚಿದ. ಎರಡೂ ಗಾಲಿಗಳನ್ನು ಮೊದಲಿದ್ದ ಜಾಗಕ್ಕೆ ಹಾಕಿದ. ಚರಿಗೆ ಆರಿತು, ನಾಲ್ಕೂ ಅಂಕಿ ತಮ್ಮ ತಮ್ಮ ಮನೆಗೆ ಬಂದವು. "ಆತ್ರಿ, ಹೋಗಿ ಬರ್ರಿ" ಎಂದ. ರಿ ಹಾಗೇ ಉಳಿಯಿತು.

ಮರುದಿನ ಸಂಜೆ ನಮ್ಮವರು ಬೆಂಚಿನ ಮೇಲೆ ಹೋಗಿ ಕೂತರು. ಚಹಾ ಬಂತು. "ತಗೋರಿ ಸಾವ್ಕಾರ್ರ." ಕುಡಿದು ಬಂದರು. ಅದರ ಮರುದಿನವೂ ಹಾಗೆಯೇ. ಮಳೆಗಾಲ ಕಳೆದು ಜೋಳದ ಬಿತ್ತನೆ ಮುಗಿದರೂ ಹಾಗೆಯೇ. ಪರದೆ ಎಲ್ಲ ಸರಿ ಎಂದರೂ ಊರು ಬಿಡುವ ಮುಂಚೆ ಕಾರನ್ನು ಪಕೀರಪ್ಪನ ಮುಂದೆ ನಿಲ್ಲಿಸಿ ಗೇಜು ಹಚ್ಚಿಸುವರು. ಅವನು ಅಳೆದು "ಸರಿ ಅದಾವ್ರಿ" ಎನ್ನುವನು. ಮನೆಗೆ ಬಂದು ಇವರು, "ಇವತ್ತೂ ರಿ ಅಂದ" ಎನ್ನುವರು. ಪೇಟೆಯ ಜನರಿಂದ ಆ ರಿ ಕೇಳಿಸಿಕೊಳ್ಳಲು ಜೀವ ಬಿಡುತ್ತಿದ್ದ ಮನುಷ್ಯ, ಈಗ ಅದನ್ನು ಕೇಳಿ ಜ್ವರ ಬಂದವರ ಹಾಗೆ ಮಲಗುತ್ತಿದ್ದರು.

ಮೊನ್ನೆ ಕುಷ್ಟಗಿಯಲ್ಲಿ ಒಂದು ಮದುವೆ ಇತ್ತು. ದಾರಿಯಲ್ಲಿ ಪಕೀರಪ್ಪನ ಅಂಗಡಿಯ ಮುಂದೆ ನಿಲ್ಲಿಸಿದರು. ನಾನು ಕಾರಿನಲ್ಲೇ ಕೂತಿದ್ದೆ. ಗೇಜು ಹಚ್ಚುವುದಾಯಿತು, ಬೆಂಚಿನ ಮೇಲೆ ಕೂತು ಚಹಾ ಕುಡಿದದ್ದಾಯಿತು, "ಹೋಗಿ ಬರ್ರಿ" ಆಯಿತು. ಇವರು ಬಂದು ನನ್ನ ಪಕ್ಕದಲ್ಲಿ ಕೂತು, ಬಾಗಿಲು ಹಾಕಿಕೊಂಡು, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನಾದರು. ಕಾರು ಚಾಲೂ ಮಾಡಲಿಲ್ಲ. ಮದುವೆಯ ಹೊತ್ತು ಮೀರುತ್ತದೆ ಎಂದು ನಾನು ಬೈಯಲು ತಿರುಗಿದೆ. ಇವರು ಕಣ್ಣು ಮುಚ್ಚಿಕೊಂಡು ಏನನ್ನೋ ಕಾಯುತ್ತಿದ್ದರು.

"ಲೇ ದೊಡ್ಯಾ!"

ಹಿಂದಿನಿಂದ ಕೂಗು ಬಂತು. ಪಕೀರಪ್ಪ ಬೆಂಚಿನ ಹತ್ತಿರ ಕೈ ಎತ್ತಿ ನಿಂತಿದ್ದ. ಕೈಯಲ್ಲಿ ಕಾರಿನ ಕೀಲಿ.

"ಕೀಲಿ ಇಲ್ಲೇ ಬಿಟ್ಟು ಹೋಗಿಯಲ್ಲೋ! ತಲಿ ಎಲ್ಲಿ ಇಟ್ಟಿ? ಯಾರರೆ ಕಾರು ಒಯ್ದಿದ್ರ ಮತ್ತ ನನ್ನ ಮ್ಯಾಲ ಬರ್ತಿದ್ದೆಲ್ಲಲೇ ಹುಚ್ಚಪ್ಪ!"

ಅಂದವನು ತಾನು ಏನಂದೆನೆಂದು ಅರಿವಾಗಿ ಅಲ್ಲೇ ನಿಂತುಬಿಟ್ಟ. ಇವರು ಕಣ್ಣು ತೆರೆದು ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಂದು ಕೊಡಲೇ ಪಕೀರ್ಯಾ, ನನಗ ಇಳ್ಯಾಕ ಆಗಂಗಿಲ್ಲ" ಎಂದರು. ಪಕೀರಪ್ಪ ಬೈಯುತ್ತಲೇ ಬಂದು ಕೀಲಿಯನ್ನು ಇವರ ತೊಡೆಯ ಮೇಲೆ ಒಗೆದ.

ಕುಷ್ಟಗಿಯ ದಾರಿಯಲ್ಲಿ ಇವರು ಹಾಡು ಗುನುಗುತ್ತ ಕಾರು ನಡೆಸಿದರು. ನಾನು ಮಾತ್ರ ಓರೆಗಣ್ಣಿನಿಂದ ಅವರ ಸೊಂಟ ನೋಡುತ್ತಿದ್ದೆ. ಪಕೀರಪ್ಪನ ಅಂಗಡಿಯ ಮುಂದೆ ಕಾರು ನಿಂತ ಕೂಡಲೇ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಗಂಟಿನ ಮೇಲೆ ಗಂಟು ಹಾಕಿದ ಕೀಲಿ ತಾನಾಗಿ ಬೆಂಚಿನ ಮೇಲೆ ಹೋಗಿ ಕೂರುವುದಿಲ್ಲ.